ಸಣ್ಣೂರಿನ ಮೈದಾನದಿಂದ ನೇರ ಪ್ರಸಾರ

ಏಪ್ರಿಲ್ ಮೊದಲ ವಾರ. ಅಮೆರಿಕದ ಉತ್ತರ ಭಾಗದ ಒಂದು ಸಣ್ಣ ಊರು. ಕ್ಯಾಲೆಂಡರಿನಲ್ಲಿ ವಸಂತ ಬಂದಿದ್ದರೂ ಚಳಿ ಇನ್ನೂ ಹೋಗಿಲ್ಲ. ಬೇಸ್‌ಬಾಲ್ ಮೈದಾನದ ದೀಪಗಳು ಹೊತ್ತಿಕೊಂಡಿವೆ. ಸಾವಿರಾರು ಜನ ಕೂರಬಹುದಾದ ಗ್ಯಾಲರಿಯಲ್ಲಿ ಕಂಬಳಿ ಹೊದ್ದು ಕೂತವರು ಕೆಲವೇ ನೂರು ಮಂದಿ. ಗ್ಯಾಲರಿಯ ನೆತ್ತಿಯಲ್ಲಿ, ಬ್ಯಾಟ್ಸ್‌ಮನ್ ನಿಲ್ಲುವ ಜಾಗದ ನೇರ ಹಿಂದೆ, ಒಂದು ಪುಟ್ಟ ಕೋಣೆ. ಅಷ್ಟು ಚಳಿಯಲ್ಲೂ ಅದರ ಕಿಟಕಿ ತೆರೆದೇ ಇದೆ. ಮುಚ್ಚಿದರೆ ಬ್ಯಾಟಿಗೆ ಚೆಂಡು ತಗಲುವ ಸದ್ದು ಮೈಕಿಗೆ ಸಿಗುವುದಿಲ್ಲ.

ಒಳಗೆ ಕೋಟು, ಟೊಪ್ಪಿ ಹಾಕಿಕೊಂಡು ಕೂತಿರುವ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಹೋದ ವರ್ಷ ಇಷ್ಟು ಹೊತ್ತಿಗೆ ಕಾಲೇಜಿನ ಕೊನೆಯ ಪರೀಕ್ಷೆಗೆ ಓದುತ್ತಿದ್ದ. ಮುಂದೆ ಸ್ಕೋರ್ ಪುಸ್ತಕ, ಎರಡು ಬಣ್ಣದ ಪೆನ್ನು, ಜಾಹೀರಾತುದಾರರ ಹೆಸರಿರುವ ಹಾಳೆಗಳ ಕಟ್ಟು, ಆರಿಹೋದ ಕಾಫಿ. ಪಕ್ಕದಲ್ಲಿ ಮಾತಿಗೆ ಜೊತೆಯಾಗುವವರು ಯಾರೂ ಇಲ್ಲ. ಏಳು ಗಂಟೆ ದಾಟುತ್ತಿದ್ದಂತೆ ಹೆಡ್‌ಫೋನ್ ಸರಿಮಾಡಿಕೊಂಡು ಶುಭ ಸಂಜೆ ಹೇಳುತ್ತಾನೆ. ಇನ್ನು ಎರಡೂವರೆ ಮೂರು ಗಂಟೆ ಅವನೊಬ್ಬನದೇ ದನಿ.

ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ ವೃತ್ತಿ ಆರಂಭಿಸುವ ವೀಕ್ಷಕ ವಿವರಣೆಗಾರರ ಬದುಕು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ. ಆ ದೇಶದ ಕ್ರೀಡಾ ಪ್ರಸಾರದ ಬಲು ದೊಡ್ಡ ದನಿಗಳಲ್ಲಿ ಹಲವು ಇಂಥ ಕೋಣೆಗಳಲ್ಲೇ ಪಳಗಿದವು. ಆದರೆ ಆ ಕೋಣೆಗೆ ಹೋಗುವ ದಾರಿ, ಅಲ್ಲಿಂದ ಮೇಲೆ ಹತ್ತುವ ದಾರಿ ಎರಡೂ ಹೊರಗಿನವರು ಅಂದುಕೊಂಡಂತೆ ಇಲ್ಲ.

ದೊಡ್ಡ ಲೀಗಿನ ಕೆಳಗೆ

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಟೊರಾಂಟೊ ಒಂದನ್ನು ಬಿಟ್ಟರೆ ಉಳಿದ ಎಲ್ಲವೂ ಅಮೆರಿಕದ ನಗರಗಳವು. ಪ್ರತಿ ತಂಡದ ಕೆಳಗೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಋತು ಆಡುವ ನಾಲ್ಕು ತಂಡಗಳು ಇರುತ್ತವೆ. ಕೆಳಗಿನಿಂದ ಎಣಿಸಿದರೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಒಟ್ಟು 120 ತಂಡ. ಇದೇ ಮೈನರ್ ಲೀಗ್.

ನಮ್ಮ ರಣಜಿಗೆ ಇದನ್ನು ಹೋಲಿಸುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ರಣಜಿ ತಂಡ ಒಂದು ರಾಜ್ಯದ್ದೋ ಸಂಸ್ಥೆಯದ್ದೋ ಆಗಿರುತ್ತದೆ, ಅದಕ್ಕೆ ತನ್ನದೇ ಮಾನ, ತನ್ನದೇ ಟ್ರೋಫಿ. ಮೈನರ್ ಲೀಗ್ ತಂಡದ ಆಟಗಾರರು ಮೇಲಿನ ಮೇಜರ್ ಲೀಗ್ ತಂಡದ ಒಪ್ಪಂದದಲ್ಲಿರುವವರು. ಅವರ ಸಂಬಳ, ಕೋಚುಗಳ ಸಂಬಳ ಎಲ್ಲ ಮೇಲಿನಿಂದ ಬರುತ್ತದೆ. ಯಾರು ಇವತ್ತು ಆಡಬೇಕು, ನಾಳೆ ಯಾರನ್ನು ಮೇಲಿನ ಹಂತಕ್ಕೆ ಕರೆಸಿಕೊಳ್ಳಬೇಕು ಎಂಬುದೂ ಅಲ್ಲಿಂದಲೇ ತೀರ್ಮಾನವಾಗುತ್ತದೆ.

ಮೈದಾನ, ಟಿಕೆಟ್ಟು, ತಿಂಡಿ ಅಂಗಡಿ, ಮಕ್ಕಳನ್ನು ನಗಿಸುವ ವೇಷಧಾರಿ, ಆಟ ಮುಗಿದ ಮೇಲಿನ ಬಾಣಬಿರುಸು, ಇವೆಲ್ಲ ಸ್ಥಳೀಯ ಮಾಲೀಕರ ವ್ಯವಹಾರ. ತಂಡಗಳ ಹೆಸರುಗಳಲ್ಲೇ ಆ ಊರಿನ ಖುಷಿ ಕಾಣುತ್ತದೆ: ಟೊಲೀಡೊ ಮಡ್ ಹೆನ್ಸ್, ಡರಮ್ ಬುಲ್ಸ್, ಹಾರ್ಟ್‌ಫರ್ಡ್ ಯಾರ್ಡ್ ಗೋಟ್ಸ್. ಅಲಬಾಮದ ಮಾಂಟ್‌ಗಮರಿ ತಂಡದ ಹೆಸರು ಬಿಸ್ಕಿಟ್ಸ್. ಆಟದ ನಡುವೆ ಅಲ್ಲಿ ತುಪಾಕಿಯಂಥ ಯಂತ್ರದಿಂದ ನಿಜವಾದ ಬಿಸ್ಕಿಟ್‌ಗಳನ್ನೇ ಜನರತ್ತ ಹಾರಿಸುತ್ತಾರೆ.

ಮೈಕಿನ ಹಿಂದೆ ಕೂತವನು ಈ ಸ್ಥಳೀಯ ಮಾಲೀಕರ ನೌಕರ. ಮುಂದಿನ ಎಲ್ಲ ಮಾತಿಗೂ ಈ ಒಂದು ಸಂಗತಿಯೇ ಕೀಲಿಕೈ.

ರೇಡಿಯೊಗೆ ಒಗ್ಗಿದ ಆಟ

1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ರೇಡಿಯೊ ಮೊದಲ ಬಾರಿಗೆ ಒಂದು ಮೇಜರ್ ಲೀಗ್ ಬೇಸ್‌ಬಾಲ್ ಪಂದ್ಯವನ್ನು ನೇರ ಪ್ರಸಾರ ಮಾಡಿತು. ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ಊರಿನ ಪೈರೇಟ್ಸ್ ತಂಡ ಫಿಲಡೆಲ್ಫಿಯಾ ಫಿಲ್ಲೀಸ್ ವಿರುದ್ಧ 8–5ರಿಂದ ಗೆದ್ದಿತು. ಪಂದ್ಯ ವಿವರಿಸಿದ ಹೆರಾಲ್ಡ್ ಆರ್ಲಿನ್ ಹಗಲು ಹೊತ್ತು ವೆಸ್ಟಿಂಗ್‌ಹೌಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಇಂಥದ್ದೊಂದು ಕಸುಬು ಇದೆ ಎಂಬುದೇ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ.

ಬೇಸ್‌ಬಾಲ್ ನಿಧಾನದ ಆಟ. 2013ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಗಡಿಯಾರ ಹಿಡಿದು ಲೆಕ್ಕ ಹಾಕಿದಾಗ, ಮೂರು ಗಂಟೆಯ ಆಸುಪಾಸು ನಡೆಯುವ ಪಂದ್ಯದಲ್ಲಿ ನಿಜವಾಗಿ ಏನಾದರೂ ನಡೆಯುವ ಹೊತ್ತು 18 ನಿಮಿಷದಷ್ಟೇ ಎಂದು ತಿಳಿಯಿತು. ಉಳಿದ ಸಮಯವೆಲ್ಲ ವಿವರಣೆಗಾರನದು. ಮೋಡ, ಗಾಳಿ, ಚೆಂಡು ಎಸೆಯುವ ಪಿಚರ್ ಟೊಪ್ಪಿ ಸರಿಮಾಡಿಕೊಂಡ ಬಗೆ, ಈ ಬ್ಯಾಟ್ಸ್‌ಮನ್ ಹೋದ ವಾರ ಇದೇ ಪಿಚರ್ ಎದುರು ಏನು ಮಾಡಿದ್ದ ಎಂಬುದನ್ನೆಲ್ಲ ಆತ ಹೇಳುತ್ತ ಹೋಗಬೇಕು. ಮೈಸೂರು ದಸರೆಯ ಜಂಬೂಸವಾರಿಯನ್ನು ಆಕಾಶವಾಣಿಯಲ್ಲಿ ಕೇಳಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆನೆ ಇನ್ನೂ ಬಲರಾಮ ದ್ವಾರದ ಹತ್ತಿರ ಬಂದಿರುವುದಿಲ್ಲ, ಆದರೂ ರೇಡಿಯೊದ ಮುಂದಿನಿಂದ ಏಳಲು ಮನಸ್ಸಾಗುವುದಿಲ್ಲ.

ಮಾತಿಗೆ ಇಷ್ಟು ಜಾಗವಿದ್ದರೆ ಅಪಾಯವೂ ಉಂಟು. ಕಥೆಯ ಗುಂಗಿನಲ್ಲಿ ಅಂಕ ಹೇಳುವುದೇ ಮರೆತುಹೋಗುತ್ತದೆ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಹೆಸರಾಂತ ವಿವರಣೆಗಾರ ರೆಡ್ ಬಾರ್ಬರ್ ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರು. ಮೊಟ್ಟೆ ಬೇಯಿಸುವಾಗ ಹೊತ್ತು ನೋಡಲು ಬಳಸುವ, ಮೂರು ನಿಮಿಷದ ಪುಟ್ಟ ಮರಳು ಗಡಿಯಾರವನ್ನು ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಮರಳು ಪೂರ್ತಿ ಇಳಿದಾಗಲೆಲ್ಲ ಅಂಕ ಹೇಳಿ ಅದನ್ನು ತಿರುಗಿಸಿಡುವರು. ಆಗಷ್ಟೇ ಕಾರು ಹತ್ತಿ ರೇಡಿಯೊ ಹಚ್ಚಿದವರಿಗೆ ಮೊದಲು ಬೇಕಾದದ್ದು ಅಂಕ ಎಂಬುದನ್ನು ಅವರು ಒಂದು ದಿನವೂ ಮರೆಯಲಿಲ್ಲ. ಈ ಕಸುಬಿನ ಮೊದಲ ಪಾಠವಾಗಿ ಇಂದಿಗೂ ಹೊಸಬರಿಗೆ ಇದನ್ನೇ ಹೇಳಿಕೊಡುತ್ತಾರೆ.

ಒಂದು ಕಾಲದಲ್ಲಿ ಪರಊರಿನ ಪಂದ್ಯಗಳಿಗೆ ವಿವರಣೆಗಾರರನ್ನು ಕಳಿಸಲು ದುಡ್ಡಿರುತ್ತಿರಲಿಲ್ಲ. ಆಗ ತಂತಿಯಲ್ಲಿ ಬರುವ ಒಂದೆರಡು ಪದದ ಸುದ್ದಿ ಹಿಡಿದು, ಸ್ಟುಡಿಯೊದಲ್ಲಿ ಕೂತು, ಮರದ ತುಂಡಿಗೆ ಬಡಿದು ಬ್ಯಾಟಿನ ಸದ್ದು ಹುಟ್ಟಿಸಿ ಪಂದ್ಯವನ್ನೇ ಮರುಸೃಷ್ಟಿ ಮಾಡುತ್ತಿದ್ದರು. 1932ರಲ್ಲಿ ಯುರೇಕಾ ಕಾಲೇಜಿನಿಂದ ಹೊರಬಿದ್ದು, ಆರ್ಥಿಕ ಕುಸಿತದ ಆ ದಿನಗಳಲ್ಲಿ ರೇಡಿಯೊ ಕೆಲಸ ಹುಡುಕಿಕೊಂಡು ಅಲೆದ ಯುವಕನೊಬ್ಬ ಆಮೇಲೆ ಅಯೋವಾದ ಡಿಮಾಯ್ನ್‌ನಲ್ಲಿ ಕೂತು ಶಿಕಾಗೊ ಕಬ್ಸ್ ಪಂದ್ಯಗಳನ್ನು ಹೀಗೆ ಕಟ್ಟಿಕೊಡುತ್ತಿದ್ದ. ಒಮ್ಮೆ ತಂತಿ ಸಂಪರ್ಕವೇ ಕಡಿದುಹೋಯಿತು. ಅದು ಸರಿಯಾಗುವ ತನಕ ಬ್ಯಾಟ್ಸ್‌ಮನ್ ಒಂದರ ಹಿಂದೊಂದು ಗೆರೆಯಾಚೆ ಬೀಳುವ ಫೌಲ್ ಹೊಡೆಯುತ್ತಲೇ ಇದ್ದಾನೆ ಎಂದು ಹೇಳುತ್ತ ನಿಮಿಷಗಟ್ಟಲೆ ದಾಟಿಸಿದ. ಆ ಯುವಕ ರೊನಾಲ್ಡ್ ರೀಗನ್. ಅಧ್ಯಕ್ಷರಾದ ಮೇಲೂ ಈ ಕಥೆಯನ್ನು ಅವರು ಪ್ರೀತಿಯಿಂದ ಹೇಳಿಕೊಳ್ಳುತ್ತಿದ್ದರು.

ಕಾಲೇಜು ಮುಗಿಯುವ ಮೊದಲೇ

ಪದವಿ ಪಡೆದ ಮೇಲೆ ಈ ಕೆಲಸ ಹುಡುಕುತ್ತೇನೆ ಎನ್ನುವವರಿಗೆ ಆಗಲೇ ತಡವಾಗಿರುತ್ತದೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ನಡೆಸುವ ರೇಡಿಯೊ ಕೇಂದ್ರಗಳಿವೆ. ನ್ಯೂಯಾರ್ಕಿನ ಫೋರ್ಡಮ್, ಅದೇ ರಾಜ್ಯದ ಸಿರಕ್ಯೂಸ್ ಇವು ಇದಕ್ಕೆ ಹೆಸರಾದವು. ಹೆಸರಾಂತ ಕ್ರೀಡಾ ಪ್ರಸಾರಕರಾದ ಬಾಬ್ ಕೋಸ್ಟಸ್, ಮೈಕ್ ಟಿರಿಕೊ ಇಬ್ಬರೂ ಸಿರಕ್ಯೂಸ್‌ನಲ್ಲಿ ಓದಿದವರು. ಮೊದಲ ವರ್ಷದ ವಿದ್ಯಾರ್ಥಿಗೆ ಮೈಕ್ ಸಿಗುವುದಿಲ್ಲ. ವೈರು ಸುತ್ತುವುದು, ಅಂಕಿ ಅಂಶ ಬರೆದುಕೊಡುವುದು, ಯಾರೂ ಕೇಳದ ಹೊತ್ತಿನಲ್ಲಿ ಸುದ್ದಿ ಓದುವುದು, ಇದೆಲ್ಲ ಆದ ಮೇಲೆ ಎಲ್ಲೋ ಒಂದು ಪಂದ್ಯ ಕೈಗೆ ಬರುತ್ತದೆ.

ಫೋರ್ಡಮ್‌ನ ರೇಡಿಯೊದಲ್ಲೇ ದನಿ ಪಳಗಿಸಿಕೊಂಡವರು ವಿನ್ ಸ್ಕಲಿ. 1949ರ ನವೆಂಬರ್‌ನಲ್ಲಿ ರೆಡ್ ಬಾರ್ಬರ್ ಸ್ಕಲಿಯವರನ್ನು ಬಾಸ್ಟನ್‌ಗೆ ಒಂದು ಕಾಲೇಜು ಫುಟ್‌ಬಾಲ್ ಪಂದ್ಯದ ವಿವರಣೆಗೆ ಕಳಿಸಿದರು. ಬೆಚ್ಚಗಿನ ಕೋಣೆ ಸಿಗುತ್ತದೆಂದು ನಂಬಿ ಸ್ಕಲಿ ಕೋಟನ್ನು ಹೋಟೆಲಿನಲ್ಲೇ ಬಿಟ್ಟು ಹೊರಟರು. ಹೋಗಿ ನೋಡಿದರೆ ಕೂರಲು ಜಾಗವೇ ಇಲ್ಲ. ಫೆನ್‌ವೇ ಪಾರ್ಕ್ ಮೈದಾನದ ಚಾವಣಿಯ ಮೇಲೆ, ಕೊರೆಯುವ ಗಾಳಿಯಲ್ಲಿ, ಮೈಕಿನ ವೈರು ಎಳೆದುಕೊಂಡು ಅತ್ತಿತ್ತ ಓಡಾಡುತ್ತ ಪಂದ್ಯ ವಿವರಿಸಿದರು. ಪ್ರಸಾರದಲ್ಲಿ ಚಳಿಯ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ಸಂಗತಿ ಬಾರ್ಬರ್‌ಗೆ ತಿಳಿದದ್ದು ಆಮೇಲೆ, ಬೇರೆಯವರಿಂದ. ಮರುವರ್ಷ ಸ್ಕಲಿ ಡಾಡ್ಜರ್ಸ್ ಪ್ರಸಾರ ಸೇರಿದರು, 2016ರವರೆಗೆ 67 ಋತು ಅಲ್ಲೇ ಇದ್ದರು.

ಸ್ಕಲಿ ಮೈನರ್ ಲೀಗ್ ಹಂತವನ್ನು ಮುಟ್ಟದೆಯೇ ಮೇಲೆ ಹೋದವರು. ಈಗಿನವರಿಗೆ ಆ ಭಾಗ್ಯ ಅಪರೂಪ. ಬೇಸಿಗೆ ರಜೆಯಲ್ಲಿ ಅವರು ಕಾಲೇಜು ಆಟಗಾರರ ಲೀಗುಗಳಿಗೆ ಹೋಗುತ್ತಾರೆ. ಅದರಲ್ಲಿ ಮಸಾಚುಸೆಟ್ಸ್ ಕಡಲತೀರದ ಕೇಪ್ ಕಾಡ್ ಲೀಗ್ ಬಲು ಪ್ರಸಿದ್ಧ. ಕಾಲೇಜಿನಲ್ಲಿ ಲೋಹದ ಬ್ಯಾಟಿಗೆ ಒಗ್ಗಿದ ಆಟಗಾರರು ಅಲ್ಲಿ ಮರದ ಬ್ಯಾಟಿನಲ್ಲಿ ಆಡಿ ತಮ್ಮ ಯೋಗ್ಯತೆ ತೋರಿಸುತ್ತಾರೆ. ಟಿಕೆಟ್ ಇಲ್ಲ, ಊರಿನವರು ಮನೆಯಿಂದ ಮಡಚುವ ಕುರ್ಚಿ ತಂದು ಕೂರುತ್ತಾರೆ. ಆಟಗಾರರ ಜೊತೆಗೇ ಮೈಕ್ ಹಿಡಿಯುವ ವಿದ್ಯಾರ್ಥಿಗಳೂ ದೇಶದ ನಾನಾ ಕಡೆಯಿಂದ ಅಲ್ಲಿಗೆ ಬರುತ್ತಾರೆ.

ಹೀಗೆ ಮಾಡಿದ ಪಂದ್ಯಗಳ ಧ್ವನಿಮುದ್ರಿಕೆಯೇ ಅವರ ಅರ್ಜಿ. ಚೆಂಡು ಗೋಡೆ ದಾಟಿ ಹೋಮ್ ರನ್ ಬಂದಾಗ ಕಿರುಚಿದ್ದನ್ನಷ್ಟೇ ಕತ್ತರಿಸಿ ಅಂಟಿಸಿದ ತುಣುಕುಗಳಿಗೆ ತಂಡದ ಮ್ಯಾನೇಜರುಗಳು ಮರುಳಾಗುವುದಿಲ್ಲ. ಏನೂ ನಡೆಯದ ಒಂದು ಇನ್ನಿಂಗ್ಸನ್ನು ಕತ್ತರಿ ಹಾಕದೆ ಕಳಿಸಿ ಎನ್ನುತ್ತಾರೆ ಅನುಭವಿಗಳು. ಹುಡುಗನಿಗೆ ಆಟ ಕಾಣುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದು ಅಂಥ ಇನ್ನಿಂಗ್ಸಿನಲ್ಲೇ. ಪ್ರತಿ ಡಿಸೆಂಬರ್‌ನಲ್ಲಿ ನಡೆಯುವ ಬೇಸ್‌ಬಾಲ್ ಚಳಿಗಾಲದ ಸಭೆಗಳ ಜೊತೆಗೆ ಉದ್ಯೋಗ ಮೇಳ ನಡೆಸುವ ರೂಢಿ ಬಹಳ ವರ್ಷಗಳಿಂದ ಇತ್ತು. ಮೊದಲ ಸಲ ಸೂಟು ಹಾಕಿಕೊಂಡ ನೂರಾರು ಯುವಕ ಯುವತಿಯರು ದೊಡ್ಡ ಹೋಟೆಲಿನ ಮೊಗಸಾಲೆಯಲ್ಲಿ ಫೈಲು ಹಿಡಿದು ಕಾಯುವರು. ಈಗ ಬಹುಪಾಲು ಅರ್ಜಿಗಳು ಆನ್‌ಲೈನ್‌ನಲ್ಲೇ ಹೋಗುತ್ತವೆ. ಬೆರಳೆಣಿಕೆಯ ಕುರ್ಚಿಗಳಿಗೆ ದೇಶವೇ ಅರ್ಜಿ ಹಾಕುವ ಪರಿಸ್ಥಿತಿ ಮಾತ್ರ ಬದಲಾಗಿಲ್ಲ.

ಮೈಕಿಗೆ ಮುಂಚಿನ ಹಗಲು

ಕೆಲಸ ಸಿಕ್ಕಿತು ಅನ್ನೋಣ. ಆಟ ಏಳಕ್ಕೆ, ಆಫೀಸು ಬೆಳಿಗ್ಗೆ ಹತ್ತಕ್ಕೆ. ಹೆಚ್ಚಿನ ತಂಡಗಳಲ್ಲಿ ವಿವರಣೆಗಾರನೇ ಮಾಧ್ಯಮ ಸಂಪರ್ಕಾಧಿಕಾರಿ. ಆ ದಿನದ ಪಂದ್ಯಕ್ಕೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳನ್ನು ಅವನೇ ತಯಾರಿಸಬೇಕು. ಎರಡೂ ತಂಡಗಳ ಆಟಗಾರರ ಪಟ್ಟಿ, ಯಾರು ಎಷ್ಟು ಪಂದ್ಯಗಳಿಂದ ಸತತ ಹಿಟ್ ಹೊಡೆಯುತ್ತಿದ್ದಾರೆ, ಇವತ್ತಿನ ಪಿಚರ್ ಎಡಗೈ ಬ್ಯಾಟ್ಸ್‌ಮನ್‌ಗಳಿಗೆ ಹೇಗೆ ಎಸೆದಿದ್ದಾನೆ ಎಂಬುದೆಲ್ಲ ಅದರಲ್ಲಿರಬೇಕು. ಮುದ್ರಿಸಿ, ಮೇಲಿನ ಕೋಣೆಗಳಿಗೂ ಕೆಳಗಿನ ಕೋಚುಗಳಿಗೂ ಹಂಚಬೇಕು. ತಂಡದ ವೆಬ್‌ಸೈಟು, ಸಾಮಾಜಿಕ ಜಾಲತಾಣಗಳ ಬರಹ, ಊರಿನ ಪತ್ರಿಕೆಗೆ ಕಳಿಸುವ ವರದಿ ಕೂಡ ಅವನ ತಲೆಗೇ.

ಪಟ್ಟಿ ಎಂದೆನಲ್ಲ, ಅದು ದಿನಾ ಬದಲಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಮೇಲಿನ ಹಂತದಲ್ಲಿ ಯಾರದೋ ಮೊಣಕೈ ನೋವು ಎಂದು ಸುದ್ದಿ ಬಂದರೆ, ಇಲ್ಲಿನ ಪಿಚರ್ ಮೂರಕ್ಕೆ ಚೀಲ ಕಟ್ಟಿಕೊಂಡು ಹೊರಟಿರುತ್ತಾನೆ. ಅವನ ಜಾಗಕ್ಕೆ ಬರುವ ಹುಡುಗ ಡೊಮಿನಿಕನ್ ರಿಪಬ್ಲಿಕ್‌ನವನೋ ವೆನೆಜುವೆಲಾದವನೋ ಆಗಿರಬಹುದು. ಅವನ ಹೆಸರನ್ನು ಅವನ ಬಾಯಿಂದಲೇ ಕೇಳಿ ಕಲಿಯಲು ವಿವರಣೆಗಾರ ಅಭ್ಯಾಸದ ಹೊತ್ತಿಗೆ ಮೈದಾನಕ್ಕಿಳಿದು ಕಾಯುತ್ತಾನೆ. ಸಾವಿರಾರು ಮೈಲಿ ದೂರದಲ್ಲಿ ಆ ಹುಡುಗನ ತಾಯಿ ಫೋನಿನಲ್ಲಿ ಪ್ರಸಾರ ಕೇಳುತ್ತಿರಬಹುದು. ಮಗನ ಹೆಸರು ಸರಿಯಾಗಿ ಕೇಳಿಸಬೇಕು. ಈ ಒಂದು ಎಚ್ಚರವನ್ನು ನೋಡಿಯೇ ವಿವರಣೆಗಾರನ ಗುಣ ಹೇಳಬಹುದು ಎನ್ನುವುದು ನನ್ನ ನಂಬಿಕೆ.

ಚಳಿಗಾಲದಲ್ಲಿ ಪಂದ್ಯಗಳಿಲ್ಲ. ಆಗಲೂ ಕೆಲಸದಲ್ಲಿ ಉಳಿಯಬೇಕಾದರೆ ಟಿಕೆಟ್ ಮಾರಬೇಕು, ಊರಿನ ಟೈರ್ ಅಂಗಡಿ, ಬ್ಯಾಂಕು, ಪಿಜ್ಜಾ ಅಂಗಡಿಗಳ ಬಾಗಿಲು ತಟ್ಟಿ ಜಾಹೀರಾತು ತರಬೇಕು. ಪ್ರಸಾರದಲ್ಲಿ ಪಿಚರ್ ಬದಲಾದರೆ ಅದಕ್ಕೊಬ್ಬ ಪ್ರಾಯೋಜಕ, ಹೋಮ್ ರನ್ ಬಂದರೆ ಇನ್ನೊಬ್ಬ. ಮಳೆ ಬಂತೆಂದರೆ ಆಫೀಸಿನವರೆಲ್ಲ ಮೈದಾನಕ್ಕೆ ಓಡಿ ದೊಡ್ಡ ಟಾರ್ಪಾಲು ಎಳೆಯಬೇಕು. ಎಷ್ಟೋ ಊರುಗಳಲ್ಲಿ ಟೈ ಕಟ್ಟಿದ ವಿವರಣೆಗಾರನೂ ಆ ಸಾಲಿನಲ್ಲಿರುತ್ತಾನೆ, ಒದ್ದೆ ಬಟ್ಟೆಯಲ್ಲೇ ಮೇಲೆ ಬಂದು ಮಳೆಯ ಸುದ್ದಿ ಹೇಳುತ್ತಾನೆ.

ಪರಊರಿನ ಪಂದ್ಯಕ್ಕೆ ಬಸ್ಸು. 2021ರಿಂದ ವೇಳಾಪಟ್ಟಿ ಸ್ವಲ್ಪ ಸುಧಾರಿಸಿದೆ: ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯೊಂದಿಗೆ ಒಂದೇ ಊರಿನಲ್ಲಿ ಆರು ಪಂದ್ಯ, ಸೋಮವಾರ ಬಿಡುವು. ಆ ಬಿಡುವಿನ ಬಹುಪಾಲು ಬಸ್ಸಿನಲ್ಲೇ ಕಳೆಯುತ್ತದೆ. ಹಂತಕ್ಕೆ ತಕ್ಕಂತೆ ಒಂದು ಋತುವಿಗೆ 132ರಿಂದ 150 ಪಂದ್ಯ.

ಸ್ಕೋರ್ ಪುಸ್ತಕದ ಒಂದು ಚೌಕ

ಇಷ್ಟೆಲ್ಲದರ ನಡುವೆ ಕಸುಬು ಕಲಿಯುವುದು ಎಲ್ಲಿ? ಸ್ಕೋರ್ ಪುಸ್ತಕದ ಮುಂದೆ. ಬೇಸ್‌ಬಾಲ್‌ನಲ್ಲಿ ಫೀಲ್ಡಿಂಗ್ ಸ್ಥಾನಗಳಿಗೆ ಒಂದರಿಂದ ಒಂಬತ್ತರವರೆಗೆ ಸಂಖ್ಯೆಗಳಿವೆ: ಪಿಚರ್ 1, ಕ್ಯಾಚರ್ 2, ಮೂರು ಬೇಸ್‌ಗಳವರು 3, 4, 5, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರ ಮೈದಾನದ ಮೂವರು 7, 8, 9. ಪುಟದಲ್ಲಿ ಪ್ರತಿ ಬ್ಯಾಟ್ಸ್‌ಮನ್‌ಗೆ ಪ್ರತಿ ಇನ್ನಿಂಗ್ಸಿಗೂ ಒಂದು ಚೌಕ. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸ್‌ಗೆ ಎಸೆದು, ಅಲ್ಲಿಂದ ಮೊದಲ ಬೇಸ್‌ಗೆ ಹೋಗಿ ಇಬ್ಬರು ಔಟಾದರೆ 6-4-3. ಮೂರು ಸ್ಟ್ರೈಕಿಗೆ ಔಟಾದರೆ ‘ಕೆ’ ಅಕ್ಷರ. ಬ್ಯಾಟ್ ಬೀಸದೆ ನೋಡುತ್ತ ನಿಂತು ಔಟಾದರೆ ಅದೇ ಅಕ್ಷರ ತಿರುವುಮುರುವು.

ಬರೆಯುವುದೂ ಮಾತಾಡುವುದೂ ಒಟ್ಟಿಗೆ ಸಾಗಬೇಕು. ಬಲಗೈ 6-3 ಬರೆಯುತ್ತಿರುವಾಗ ಬಾಯಿ ಹೇಳುತ್ತಿರಬೇಕು: “ಎರಡನೇ ಬೇಸ್‌ನಲ್ಲಿ ಓಟಗಾರ, ಈಗ ಇಬ್ಬರು ಔಟ್. ಎಡಗೈ ಬ್ಯಾಟ್ಸ್‌ಮನ್ ಬರುತ್ತಿದ್ದಾನೆ, ಹೊರ ಮೈದಾನದವರು ಬಲಕ್ಕೆ ನಾಲ್ಕು ಹೆಜ್ಜೆ ಸರಿದರು. ಗಾಳಿ ನಮ್ಮ ಮುಖಕ್ಕೆ ಬೀಸುತ್ತಿದೆ, ಎತ್ತರಕ್ಕೆ ಹೊಡೆದರೆ ಚೆಂಡು ಒಳಗೇ ಬೀಳುತ್ತದೆ.” ಇದರಲ್ಲಿ ಅಲಂಕಾರದ ಮಾತು ಒಂದೂ ಇಲ್ಲ. ಆದರೆ ಕೇಳುವವನ ತಲೆಯಲ್ಲಿ ಇಡೀ ಮೈದಾನ ನಿಂತುಬಿಡುತ್ತದೆ. ಚೆಂಡು ಹಾರಿದ ಮೇಲೆ ಕಣ್ಣು ಚೆಂಡಿನ ಹಿಂದೆ ಹೋಗಬಾರದು, ಅದನ್ನು ಹಿಡಿಯಲು ಓಡುವವನನ್ನು ನೋಡಬೇಕು. ಚೆಂಡು ಗೋಡೆ ದಾಟುತ್ತದೋ ಇಲ್ಲವೋ ಎಂಬುದು ಅವನ ಓಟದಲ್ಲೇ ಗೊತ್ತಾಗುತ್ತದೆ. ಹೊಸಬರು ಮೊದಲ ತಿಂಗಳಲ್ಲಿ ಗೋಡೆಯ ಬುಡದಲ್ಲಿ ಹಿಡಿದ ಕ್ಯಾಚುಗಳಿಗೆಲ್ಲ ಹೋಮ್ ರನ್ ಎಂದು ದನಿ ಏರಿಸಿ, ಆಮೇಲೆ ಇಳಿಸಿಕೊಳ್ಳುತ್ತಾರೆ. ನೂರು ಪಂದ್ಯ ಕಳೆಯುವ ಹೊತ್ತಿಗೆ ಅದು ತನ್ನಷ್ಟಕ್ಕೆ ನಿಲ್ಲುತ್ತದೆ. ಪುಸ್ತಕ ಓದಿ ಇದನ್ನು ಕಲಿತವರಿಲ್ಲ.

ಆಟಗಾರನಿಗೆ ಮೆಟ್ಟಿಲು, ದನಿಗೆ?

ಒಂದೇ ಬಸ್ಸಿನಲ್ಲಿ ಕೂತ ಇಬ್ಬರನ್ನು ನೋಡಿ. ಒಬ್ಬ ಆಟಗಾರ, ಒಬ್ಬ ವಿವರಣೆಗಾರ. ವಯಸ್ಸು ಒಂದೇ, ಕನಸೂ ಒಂದೇ. ಆಟಗಾರ ಚೆನ್ನಾಗಿ ಆಡಿದರೆ ಡಬಲ್-ಎ, ಟ್ರಿಪಲ್-ಎ, ಆಮೇಲೆ ಮೇಜರ್ ಲೀಗ್. ಅವನ ಪ್ರತಿ ಹೆಜ್ಜೆಯನ್ನೂ ಮೇಲಿನವರು ಲೆಕ್ಕ ಇಡುತ್ತಾರೆ. 2022ರಿಂದ ಅವನಿಗೆ ವಸತಿಯನ್ನೂ ಮೇಜರ್ ಲೀಗ್ ತಂಡವೇ ಒದಗಿಸುತ್ತದೆ. ಮೈನರ್ ಲೀಗ್ ಆಟಗಾರರು ಸಂಘ ಸೇರಿ 2023ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಕನಿಷ್ಠ ವಾರ್ಷಿಕ ವೇತನ ಸಿಂಗಲ್-ಎ ಹಂತದಲ್ಲಿ 26,200 ಡಾಲರ್, ಟ್ರಿಪಲ್-ಎ ಹಂತದಲ್ಲಿ 35,800 ಡಾಲರ್ ಆಯಿತು. ಅಮೆರಿಕದ ಲೆಕ್ಕದಲ್ಲಿ ಇದು ದೊಡ್ಡ ಮೊತ್ತವಲ್ಲ. ಆದರೂ ಮೊದಲಿದ್ದದ್ದರ ಎರಡು ಪಟ್ಟಿಗೂ ಹೆಚ್ಚು.

ಪಕ್ಕದಲ್ಲಿ ಕೂತವನಿಗೆ ಇದಾವುದೂ ಅನ್ವಯಿಸುವುದಿಲ್ಲ. ಅವನು ಸ್ಥಳೀಯ ಮಾಲೀಕರ ನೌಕರ ಎಂದು ಮೊದಲೇ ಹೇಳಿದೆ. ಬಾಡಿಗೆ ಮನೆ ಅವನೇ ಹುಡುಕಬೇಕು. ಹಲವರು ಋತು ಮುಗಿದ ಕೂಡಲೇ ಬೇರೆ ದುಡಿಮೆ ನೋಡಿಕೊಳ್ಳುತ್ತಾರೆ. ಎಷ್ಟು ಚೆನ್ನಾಗಿ ಮಾತಾಡಿದರೂ ಮೇಲಿನ ಹಂತದ ತಂಡ ಅವನನ್ನು ತಾನಾಗಿ ಕರೆಸಿಕೊಳ್ಳುವುದಿಲ್ಲ. ಪ್ರತಿ ಸಲವೂ ಹೊಸ ಊರು, ಹೊಸ ಮಾಲೀಕರು, ಹೊಸ ಅರ್ಜಿ. ಮೇಲೆ ಹೋದಷ್ಟೂ ಕುರ್ಚಿ ಖಾಲಿಯಾಗುವುದೇ ಇಲ್ಲ. ಮಿಲ್ವಾಕಿಯ ಬಾಬ್ ಯೂಕರ್ 1971ರಲ್ಲಿ ಮೈಕ್ ಹಿಡಿದವರು 2024ರ ಋತುವಿನವರೆಗೂ ಬಿಡಲಿಲ್ಲ. ಅಂಥವರನ್ನು ಜನ ಮನೆಯವರಂತೆ ಪ್ರೀತಿಸುತ್ತಾರೆ, ಸರಿಯೇ. ಕೆಳಗೆ ಕಾದವನಿಗೆ ಮಾತ್ರ ಅದು ಅರ್ಧ ಶತಮಾನದ ಕಾಯುವಿಕೆ.

ವಿವರಣೆಗಾರನೊಬ್ಬನನ್ನು ಮೇಲಿನವರು ಆಟಗಾರನ ಹಾಗೆ ಕರೆಸಿಕೊಂಡ ಒಂದು ಪ್ರಸಂಗ ಇತಿಹಾಸದಲ್ಲಿದೆ. 1948ರಲ್ಲಿ ರೆಡ್ ಬಾರ್ಬರ್ ಕಾಯಿಲೆ ಬಿದ್ದಾಗ ಡಾಡ್ಜರ್ಸ್‌ಗೆ ತುರ್ತಾಗಿ ಒಂದು ದನಿ ಬೇಕಾಯಿತು. ಮೈನರ್ ಲೀಗಿನ ಅಟ್ಲಾಂಟಾ ಕ್ರ್ಯಾಕರ್ಸ್ ತಂಡದ ಅರ್ನಿ ಹಾರ್ವೆಲ್ ಡಾಡ್ಜರ್ಸ್ ತಂಡದವರ ಕಣ್ಣಿಗೆ ಬಿದ್ದರು. ಅಟ್ಲಾಂಟಾದವರು ಸುಮ್ಮನೆ ಬಿಟ್ಟುಕೊಡಲಿಲ್ಲ. ನಮಗೊಬ್ಬ ಕ್ಯಾಚರ್ ಕೊಡಿ ಎಂದರು. ಡಾಡ್ಜರ್ಸ್ ಮುಖ್ಯಸ್ಥ ಬ್ರಾಂಚ್ ರಿಕಿ ತಮ್ಮ ಕೆಳಹಂತದ ತಂಡದಲ್ಲಿದ್ದ ಕ್ಲಿಫ್ ಡ್ಯಾಪರ್ ಎಂಬ ಕ್ಯಾಚರ್‌ನನ್ನು ಅಟ್ಲಾಂಟಾಕ್ಕೆ ಕಳಿಸಿ ಹಾರ್ವೆಲ್‌ರನ್ನು ಪಡೆದರು. ಹಾರ್ವೆಲ್ ಮುಂದೆ ಡೆಟ್ರಾಯಿಟ್ ಟೈಗರ್ಸ್ ತಂಡದ ದನಿಯಾಗಿ ನಾಲ್ಕು ದಶಕ ಜನರ ಮನಸ್ಸಿನಲ್ಲಿ ಉಳಿದರು.

ಇತ್ತೀಚಿನ ದಿನಗಳಲ್ಲೂ ಮೇಲೆ ಬಂದವರಿದ್ದಾರೆ. ಬಿಲಾಯ್ಟ್ ಎಂಬ ಸಣ್ಣ ಕಾಲೇಜಿನಲ್ಲಿ ಓದಿದ ಜೋ ಡೇವಿಸ್ ಬಿಸ್ಕಿಟ್ಸ್ ತಂಡದ ವಿವರಣೆಗಾರರಾಗಿದ್ದವರು. ವಿನ್ ಸ್ಕಲಿ ನಿವೃತ್ತರಾದಾಗ ಡಾಡ್ಜರ್ಸ್ ಟಿವಿ ಪ್ರಸಾರದ ಮುಖ್ಯ ದನಿ ಅವರಾದರು. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇರುವ ಜೇಸನ್ ಬೆನೆಟಿ ಸಿರಕ್ಯೂಸ್‌ನ ಮೈನರ್ ಲೀಗ್ ತಂಡಕ್ಕೆ ವಿವರಣೆ ನೀಡಿ, ಆಮೇಲೆ ಶಿಕಾಗೊ ವೈಟ್ ಸಾಕ್ಸ್, 2024ರಿಂದ ಡೆಟ್ರಾಯಿಟ್ ಟೈಗರ್ಸ್ ಟಿವಿ ಪ್ರಸಾರ ನಡೆಸುತ್ತಿದ್ದಾರೆ. ನಡೆಯುವಾಗ ಅವರ ಹೆಜ್ಜೆ ತುಸು ತೊಡರುತ್ತದೆ, ಮಾತು ಎಲ್ಲೂ ತೊಡರುವುದಿಲ್ಲ.

ಹೆಣ್ಣುದನಿಗಳು ಬಂದ ಬಗೆ

ಈ ಕೋಣೆ ಬಹುಕಾಲ ಗಂಡಸರದೇ ಆಗಿತ್ತು. ಬದಲಾವಣೆ ಶುರುವಾದದ್ದೂ ಕೆಳಗಿನ ಹಂತಗಳಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. 2019ರಲ್ಲಿ ವರ್ಜೀನಿಯಾದ ಸೇಲಮ್ ರೆಡ್ ಸಾಕ್ಸ್ ತಂಡಕ್ಕೆ ಮೆಲನಿ ನ್ಯೂಮನ್ ಮತ್ತು ಸೂಸಿ ಕೂಲ್ ಒಟ್ಟಿಗೆ ವಿವರಣೆ ನೀಡಿದರು. ಇಬ್ಬರೂ ಮಹಿಳೆಯರೇ ಇದ್ದ ಜೋಡಿ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದೇ ಮೊದಲು. ಮರುವರ್ಷವೇ ನ್ಯೂಮನ್ ಬಾಲ್ಟಿಮೋರ್ ಓರಿಯೋಲ್ಸ್ ಪ್ರಸಾರಕ್ಕೆ ಆಯ್ಕೆಯಾದರು. ವಿವರಣೆಗಾರ ಬಿಲ್ ಮರ್ಸರ್ ಅವರ ಮೊಮ್ಮಗಳು ಎಮ್ಮಾ ಟೀಡಮನ್ ಕೆಂಟಕಿಯ ಲೆಕ್ಸಿಂಗ್ಟನ್‌ನಿಂದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ, ಅಂದರೆ ಡಬಲ್-ಎ ಹಂತಕ್ಕೆ, ಏರಿದರು. 2024ರಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ ಜೆನ್ನಿ ಕಾವ್ನರ್ ಅವರನ್ನು ತನ್ನ ಮುಖ್ಯ ವಿವರಣೆಗಾರ್ತಿಯಾಗಿ ನೇಮಿಸಿತು. ಮೇಜರ್ ಲೀಗ್ ತಂಡವೊಂದರಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು. ಮೊದಲ ರೇಡಿಯೊ ಪ್ರಸಾರ ನಡೆದು ಅಷ್ಟು ಹೊತ್ತಿಗೆ ನೂರು ವರ್ಷ ದಾಟಿತ್ತು.

ಕಿರಿದಾಗುತ್ತಿರುವ ದಾರಿ

2020ರಲ್ಲಿ ಕೋವಿಡ್‌ನಿಂದ ಮೈನರ್ ಲೀಗ್‌ನ ಇಡೀ ಋತುವೇ ರದ್ದಾಯಿತು. ಮರುವರ್ಷ ಆಟ ಶುರುವಾಗುವಾಗ ಮೇಜರ್ ಲೀಗ್ ಇಡೀ ವ್ಯವಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡು, 160 ತಂಡಗಳನ್ನು 120ಕ್ಕೆ ಇಳಿಸಿತ್ತು. ಕೈಬಿಟ್ಟ ಊರುಗಳಲ್ಲಿ ಕೆಲವು ಸ್ವತಂತ್ರ ಲೀಗುಗಳಿಗೆ, ಕೆಲವು ಕಾಲೇಜು ಆಟಗಾರರ ಬೇಸಿಗೆ ಲೀಗುಗಳಿಗೆ ಹೋದವು. ಆಟಗಾರರಿಗೆ ಉತ್ತಮ ಮೈದಾನ, ಕಡಿಮೆ ಓಡಾಟ ಸಿಕ್ಕಿತು. ಮೈಕ್ ಹಿಡಿಯುವವರ ಪಾಲಿಗೆ ನಲವತ್ತು ಕೋಣೆಗಳ ಬಾಗಿಲು ಬಿತ್ತು.

ಇನ್ನೊಂದು ಅಭ್ಯಾಸ ಉಳಿದುಕೊಂಡದ್ದು ನನಗೆ ಹೆಚ್ಚು ಕಳವಳದ ವಿಷಯ. ಕೋವಿಡ್ ಕಾಲದಲ್ಲಿ ಮೇಜರ್ ಲೀಗ್ ವಿವರಣೆಗಾರರೇ ಪರಊರಿನ ಪಂದ್ಯಗಳನ್ನು ಪರದೆ ನೋಡಿ ವಿವರಿಸಿದರು. ಅದು ಸಾಧ್ಯ ಎಂದು ಗೊತ್ತಾದ ಮೇಲೆ ಖರ್ಚು ಉಳಿಸಲು ಕೆಲವು ಮೈನರ್ ಲೀಗ್ ತಂಡಗಳು ವಿವರಣೆಗಾರನನ್ನು ಬಸ್ಸಿಗೇ ಹತ್ತಿಸುವುದಿಲ್ಲ. ಊರಿನಲ್ಲಿ ನಡೆಯುವ ಪಂದ್ಯಗಳಷ್ಟೇ ಪ್ರಸಾರ, ಇಲ್ಲವೇ ಪರದೆಯ ಮುಂದೆ ಕೂತು ವಿವರಣೆ. ಆದರೆ ಕ್ಯಾಮೆರಾ ಚೆಂಡನ್ನಷ್ಟೇ ಹಿಂಬಾಲಿಸುತ್ತದೆ. ಹೊರ ಮೈದಾನದವರು ಸರಿದ ನಾಲ್ಕು ಹೆಜ್ಜೆ ಅದಕ್ಕೆ ಕಾಣುವುದಿಲ್ಲ. ಬಸ್ಸಿನ ಹಿಂಬದಿಯ ಸೀಟಿನಲ್ಲಿ ಮಧ್ಯರಾತ್ರಿ ಆಟಗಾರನೊಬ್ಬ ತನ್ನ ಅಪ್ಪನ ಬಗ್ಗೆ ಹೇಳಿದ ಕಥೆ ಪರದೆಯ ಮುಂದೆ ಕೂತವನಿಗೆ ಸಿಗುವುದಿಲ್ಲ. ಯಾರೂ ಕೇಳುತ್ತಿಲ್ಲ ಎಂಬ ನೆಪದಲ್ಲಿ ಇಂಥ ಕಲಿಕೆಯ ಪಂದ್ಯಗಳನ್ನು ಕತ್ತರಿಸುತ್ತ ಹೋದರೆ ನಾಳಿನ ಹಾರ್ವೆಲ್ ಎಲ್ಲಿಂದ ಬರಬೇಕು? ಉಳಿಯುವ ದುಡ್ಡು ತೀರಾ ಸಣ್ಣದು, ಆಗುವ ನಷ್ಟ ಹಾಗಲ್ಲ.

ಆಟವೂ ಚುರುಕಾಗಿದೆ. ಪಿಚರ್ ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕೆಂಬ ಗಡಿಯಾರದ ನಿಯಮ 2022ರಲ್ಲಿ ಮೈನರ್ ಲೀಗ್‌ನ ಎಲ್ಲ ಹಂತಗಳಿಗೂ ಬಂತು. ಪಂದ್ಯದ ಸರಾಸರಿ ಅವಧಿ ಸುಮಾರು 25 ನಿಮಿಷ ಇಳಿಯಿತು. ಮರುವರ್ಷ ಮೇಜರ್ ಲೀಗ್ ಕೂಡ ಅದನ್ನು ಒಪ್ಪಿಕೊಂಡಿತು. ಆರಾಮಾಗಿ ಕಥೆ ಹೇಳುವ ಹಳೆಯ ಧಾಟಿಗೆ ಈಗ ಪುರುಸೊತ್ತಿಲ್ಲ. ಮೂರು ಎಸೆತಗಳ ನಡುವೆ ಮುರಿದು ಮುರಿದು, ಎಳೆ ತಪ್ಪದಂತೆ ಕಥೆ ಮುಗಿಸುವ ಹೊಸ ಜಾಣ್ಮೆಯನ್ನು ಈ ತಲೆಮಾರು ಕಲಿಯುತ್ತಿದೆ.

ನಾವೂ ಕೇಳಬಹುದು

ಹಿಂದೆ ಊರಿನ ರೇಡಿಯೊ ವ್ಯಾಪ್ತಿಯಲ್ಲೇ ಮುಗಿಯುತ್ತಿದ್ದ ಈ ಪ್ರಸಾರಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ. ಹಲವು ತಂಡಗಳ ವೆಬ್‌ಸೈಟಿನಲ್ಲಿ ಧ್ವನಿ ಪ್ರಸಾರ ಉಚಿತ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ನಾರ್ತ್ ಕ್ಯಾರೊಲಿನಾದ ಡರಮ್ ಸುತ್ತಮುತ್ತ ಸಾಕಷ್ಟು ಕನ್ನಡ ಕುಟುಂಬಗಳಿವೆ. ಸ್ಯಾನ್ ಹೋಸೆ ಜಯಂಟ್ಸ್, ಡರಮ್ ಬುಲ್ಸ್ ಎರಡೂ ಮೈನರ್ ಲೀಗ್ ತಂಡಗಳೇ. ದೊಡ್ಡ ಲೀಗಿನ ಪಂದ್ಯಕ್ಕಿಂತ ಎಷ್ಟೋ ಕಡಿಮೆ ದರದ ಟಿಕೆಟ್‌ನಲ್ಲಿ ಮಕ್ಕಳೊಂದಿಗೆ ಒಂದು ಸಂಜೆ ಕಳೆಯಬಹುದು. ಹೋದವರು ಒಮ್ಮೆ ಹಿಂದಿರುಗಿ ಮೇಲಿನ ಆ ಕಿಟಕಿಯತ್ತಲೂ ನೋಡಲಿ.

ಕರ್ನಾಟಕದಲ್ಲಿ ಕೂತವರಿಗೆ ಅನುಕೂಲದ ಸಮಯ ಬೆಳಗಿನ ಜಾವ. ಅಮೆರಿಕದ ಪೂರ್ವ ತೀರದಲ್ಲಿ ಬೇಸಿಗೆಯ ಸಂಜೆ 7 ಗಂಟೆ ಎಂದರೆ ನಮ್ಮಲ್ಲಿ ಮರುದಿನ ಬೆಳಗಿನ 4.30. ಬೇಸ್‌ಬಾಲ್ ನಿಯಮ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಒಂದು ಡಬಲ್-ಎ ಪಂದ್ಯ ಹಚ್ಚಿ, ಎರಡು ಇನ್ನಿಂಗ್ಸ್ ಕೇಳಿ. ಅಂಕವನ್ನು ಎಷ್ಟು ಸಲ ಹೇಳಿದ, ಗಾಳಿ ಯಾವ ಕಡೆ ಎಂದನೇ, ದೂರದೇಶದ ಆಟಗಾರನ ಹೆಸರನ್ನು ಎಡವದೆ ಉಚ್ಚರಿಸಿದನೇ ಎಂಬುದನ್ನಷ್ಟು ಗಮನಿಸಿ. ಚೆನ್ನಾಗಿತ್ತು ಅನಿಸಿದರೆ ತಂಡದ ಸಾಮಾಜಿಕ ಜಾಲತಾಣದ ಖಾತೆಗೆ ಎರಡು ಸಾಲು ಬರೆಯಿರಿ. ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಬಂದು ಅದನ್ನು ತೆರೆದು ಓದುವವರು ಬಹುಪಾಲು ಆ ವಿವರಣೆಗಾರರೇ ಆಗಿರುತ್ತಾರೆ.